ಬೆಲೇಕೇರಿ ರಸ್ತೆಯ ಅಂಬಾಸಿಡರ್ ಶೆಡ್ಡಿನಲ್ಲಿ ನನ್ನ ಎಂಜಿಎ

ನನ್ನ ಹಳೆಯ ಇಂಗ್ಲಿಷ್ ಕಾರು ಎಂಜಿಎಯನ್ನು ರಿಪೇರಿ ಮಾಡಿಸಿದ ಗ್ಯಾರೇಜಿನ ಬಗ್ಗೆ ಮೊದಲು ತೀರ್ಪು ಹೇಳಿಬಿಡುತ್ತೇನೆ. ಇಂಜಿನ್ ಕೆಲಸಕ್ಕೆ ಕಣ್ಣು ಮುಚ್ಚಿ ಹೋಗಿ. ಬ್ರೇಕ್ ಕೆಲಸಕ್ಕೂ ಹೋಗಿ. ಕಾರ್ಬುರೇಟರ್‌ಗೆ ಹೋಗಿ, ಆದರೆ ಪಕ್ಕದಲ್ಲೇ ನಿಂತಿರಿ. ವೈರಿಂಗ್‌ಗೆ ಬೇಡವೇ ಬೇಡ. ಪೇಂಟ್ ಬಗ್ಗೆ ಕೇಳಲೂ ಬೇಡಿ, ಅವರು ಮಾಡುವುದಿಲ್ಲ.

ಅಂಕೋಲಾ ಕಡೆಯಿಂದ ಬೆಲೇಕೇರಿ ಬಂದರಿಗೆ ಹೋಗುವ ರಸ್ತೆಯಲ್ಲಿ ಸಿಗುವ ಈ ಗ್ಯಾರೇಜಿಗೆ ಬೋರ್ಡ್ ಇಲ್ಲ. ಎದುರಿಗೆ ಚಕ್ರವಿಲ್ಲದ ಎರಡು ಅಂಬಾಸಿಡರ್ ನಿಂತಿವೆ. ಒಂದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಅದೇ ಗುರುತು. ಹೆಸರು, ಫೋನ್ ನಂಬರ್ ಬರೆಯಬೇಡ ಎಂದು ಮೇಸ್ತ್ರಿಯೇ ಹೇಳಿದ್ದಾರೆ. ‘ಇರೋ ಗಿರಾಕಿಗಳಿಗೇ ಉತ್ತರ ಕೊಟ್ಟು ಸಾಕಾಗಿದೆ ತಂಗೀ’ ಅಂತ ಅವರ ಮಾತು.

ನಾನು ಕಾರವಾರದ ಬೈತಖೋಲದಲ್ಲಿ ಮೀನುಗಾರಿಕೆ ಬೋಟುಗಳಿಗೆ ಐಸ್ ಕೊಡುವ ಪ್ಲಾಂಟ್ ನಡೆಸುತ್ತೇನೆ. ಕಾರು 1958ರ ಎಂಜಿಎ 1500. ಮುಂಬಯಿಯಲ್ಲಿದ್ದ ಚಿಕ್ಕಪ್ಪನದು. ಅವರು ತೀರಿಕೊಂಡ ಮೇಲೆ ಮಾರುವುದಾ ಇಟ್ಟುಕೊಳ್ಳುವುದಾ ಅಂತ ಮನೆಯವರು ಮಾತಾಡಿಕೊಳ್ಳುತ್ತಿದ್ದರು. ನಾನು ಲಾರಿ ಕಳಿಸಿ ತರಿಸಿಬಿಟ್ಟೆ. ಈ ಕಾರು ನೋಡದವರಿಗೆ ಹೇಳಬೇಕೆಂದರೆ, ಇದು ಎರಡೇ ಸೀಟಿನ, ತಲೆ ಮೇಲೆ ಬಟ್ಟೆಯ ಹುಡ್ ಇರುವ, ನೆಲಕ್ಕೆ ಅಂಟಿದಂತೆ ತಗ್ಗಾದ ಗಾಡಿ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ತಯಾರಾದವು. ಹೆಚ್ಚಿನವು ಹೊರದೇಶಗಳಿಗೇ ಹೋದವು. ಬಾಗಿಲಿಗೆ ಹೊರಗಡೆ ಹಿಡಿಕೆ ಇಲ್ಲ, ಒಳಗೆ ಕೈ ಹಾಕಿ ದಾರ ಎಳೆದು ತೆಗೆಯಬೇಕು. ಏರಿಸುವ ಗಾಜೂ ಇಲ್ಲ. ಮಳೆ ಬಂದರೆ ಸೈಡ್ ಸ್ಕ್ರೀನ್ ಬೇರೆಯಾಗಿ ತಂದು ಬಾಗಿಲಿಗೆ ಸಿಕ್ಕಿಸಬೇಕು. ನಮ್ಮಂಥ ಮಳೆ ಊರಿಗೆ ಇಂಥ ಕಾರು ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಬೆಂಗಳೂರಿನ ಒಂದು ರಿಸ್ಟೋರೇಶನ್ ಗ್ಯಾರೇಜಿನವರು ಫೋಟೋ ನೋಡಿಯೇ ಕೊಟೇಶನ್ ಕಳಿಸಿದ್ದರು. ಇಂಜಿನ್ ಭಾಗಕ್ಕೆ ಅವರು ಹಾಕಿದ ದುಡ್ಡಿನಲ್ಲಿ ಒಂದು ಹೊಸ ಸಣ್ಣ ಕಾರು ಬರುತ್ತಿತ್ತು. ಎಲ್ಲ ಸಾಮಾನು ಇಂಗ್ಲೆಂಡಿನಿಂದ ಬರಬೇಕು, ಡ್ಯೂಟಿ ಕಟ್ಟಬೇಕು, ಆರು ತಿಂಗಳು ಕಾಯಬೇಕು ಅಂತ. ಬೆಲೇಕೇರಿ ಮೇಸ್ತ್ರಿ ಬಾನೆಟ್ ಎತ್ತಿ ಒಂದು ನಿಮಿಷ ನೋಡಿ, ‘ಇದು ನಮ್ಮದೇ ಅಲ್ವಾ’ ಎಂದರು.

ಅವರು ಹೇಳಿದ್ದು ನಿಜ. ಅಂಬಾಸಿಡರ್ ಎಂದರೆ ಮೂಲದಲ್ಲಿ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ನಮ್ಮಲ್ಲಿ ದಶಕಗಟ್ಟಲೆ ಓಡಿದ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಇದ್ದದ್ದು ಬಿಎಂಸಿ ಕಂಪನಿಯ ಬಿ ಸೀರೀಸ್ ಇಂಜಿನ್, 1489 ಸಿಸಿ. ಎಂಜಿಎ 1500ರಲ್ಲಿ ಇರುವುದೂ ಅದೇ ಬಿ ಸೀರೀಸ್, ಅದೇ 1489 ಸಿಸಿ. ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿ.ಮೀ., ಎರಡರಲ್ಲೂ ಒಂದೇ. ಎಂಜಿಯಲ್ಲಿ ಕಾರ್ಬುರೇಟರ್ ಎರಡು, ಹೆಡ್ ಮತ್ತು ಕ್ಯಾಮ್ ಬೇರೆ. ಹಾಗಾಗಿ ಅಂಬಾಸಿಡರ್ ಸುಮಾರು 50 ಎಚ್‌ಪಿ ಕೊಟ್ಟರೆ ಇದು 72 ಕೊಡುತ್ತದೆ. ಟ್ಯಾಕ್ಸಿ ಸ್ಟ್ಯಾಂಡಿನ ಅಂಬಾಸಿಡರ್‌ಗಳನ್ನು, ಶಿರಸಿ ಕಡೆಯ ಅಡಿಕೆ ಮನೆಗಳ ಅಂಬಾಸಿಡರ್‌ಗಳನ್ನು ಜೀವಮಾನವಿಡೀ ಬಿಚ್ಚಿ ಕಟ್ಟಿದ ಕೈಗೆ ಇದರಲ್ಲಿ ಹೊಸದೇನೂ ಇರಲಿಲ್ಲ.

ಇಂಜಿನ್ ಪೂರ್ತಿ ಬಿಚ್ಚಿದ್ದು ಶೆಡ್ಡಿನ ಮಣ್ಣಿನ ನೆಲದಲ್ಲೇ. ಆದರೆ ಬಿಚ್ಚಿದ ಒಂದೊಂದು ಭಾಗವನ್ನೂ ಪೇಪರ್ ಹಾಸಿ, ಯಾವ ಸಿಲಿಂಡರಿನದು ಅಂತ ಸೀಮೆಸುಣ್ಣದಲ್ಲಿ ಬರೆದು ಸಾಲಾಗಿ ಇಟ್ಟಿದ್ದರು. ಪಿಸ್ಟನ್ ರಿಂಗ್, ಬೇರಿಂಗ್, ಟೈಮಿಂಗ್ ಚೈನ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಅಂಬಾಸಿಡರ್ ಸಾಮಾನಾಗಿಯೇ ಬಂದವು. ಬಂದದ್ದನ್ನು ಹಾಗೇ ಹಾಕಲಿಲ್ಲ. ಹಳೆಯದರ ಪಕ್ಕ ಇಟ್ಟು ಮೈಕ್ರೋಮೀಟರ್ ಹಿಡಿದು ಅಳೆದರು. ಬೇರಿಂಗ್‌ನ ಒಂದು ಸೆಟ್ ಸರಿಯಿಲ್ಲ ಎಂದು ವಾಪಸ್ ಕಳಿಸಿದರು. ಇದೇ ನನಗೆ ಹಿಡಿಸಿದ್ದು. ಹಳ್ಳಿ ಮೇಸ್ತ್ರಿ ಎಂದರೆ ಅಂದಾಜಿನ ಕೆಲಸ ಎಂದುಕೊಂಡವರು ಒಮ್ಮೆ ಇಲ್ಲಿ ಬಂದು ನೋಡಬೇಕು.

ಇಂಜಿನ್ ಹಿಂಭಾಗದಿಂದ ಆಯಿಲ್ ತೊಟ್ಟಿಕ್ಕುವುದನ್ನು ನಿಲ್ಲಿಸಿ ಎಂದು ಕೇಳಿದೆ. ಆಗುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಯಲ್ಲಿ ಈ ಇಂಜಿನ್‌ಗೆ ರಬ್ಬರ್ ಸೀಲ್ ಇಲ್ಲ. ತಿರುಗುವಾಗ ಆಯಿಲನ್ನು ಒಳಗೆ ತಳ್ಳುವ ಸ್ಕ್ರೂ ಥರದ ಗೆರೆ ಮಾತ್ರ ಇದೆ. ಇಂಜಿನ್ ನಿಂತ ಮೇಲೆ ಅದು ಏನೂ ಮಾಡುವುದಿಲ್ಲ. ಕೆಳಗೆ ಒಂದು ತಗಡಿನ ಟ್ರೇ ಇಡು ಎಂದರು. ಇಟ್ಟಿದ್ದೇನೆ.

ಕಾರ್ಬುರೇಟರ್ ವಿಷಯದಲ್ಲಿ ಸ್ವಲ್ಪ ತಕರಾರಿದೆ. ಅಂಬಾಸಿಡರ್‌ಗೆ ಒಂದೇ, ಇದಕ್ಕೆ ಎಸ್‌ಯು ಕಂಪನಿಯವು ಎರಡು. ಎರಡೂ ಒಂದೇ ಅಳತೆಯಲ್ಲಿ ಗಾಳಿ ಎಳೆಯಬೇಕು. ಮೇಸ್ತ್ರಿ ಆಸ್ಪತ್ರೆಯ ಸಲಾಯಿನ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರ್ ಬಾಯಿಗೆ ಹಿಡಿದು, ಎರಡರ ಸುಯ್ ಶಬ್ದ ಸಮ ಮಾಡಿದರು. ಇದು ಹಳೆಯ, ಸರಿಯಾದ ಪದ್ಧತಿಯೇ. ಆದರೆ ಕಾರ್ಬುರೇಟರಿನೊಳಗೇ ಮೇಲೆ ಕೆಳಗೆ ಆಡುವ ಪಿಸ್ಟನ್ನಿನ ವೇಗ ತಡೆಯುವ ಡ್ಯಾಂಪರ್‌ಗೆ ಹೊಲಿಗೆ ಮಷಿನ್ ಎಣ್ಣೆ ಹಾಕಿದ್ದರು. ಎಣ್ಣೆ ಅಷ್ಟು ತೆಳುವಾದರೆ ಪಿಸ್ಟನ್ ಬೇಗ ಮೇಲೆ ಹಾರುತ್ತದೆ, ಆ ಕ್ಷಣಕ್ಕೆ ಬೇಕಾದಷ್ಟು ಪೆಟ್ರೋಲ್ ಸಿಗುವುದಿಲ್ಲ. ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಒಮ್ಮೆ ಮುಗ್ಗರಿಸುತ್ತದೆ. 20 ಗ್ರೇಡ್ ಆಯಿಲ್ ಹಾಕಿ ಎಂದೆ. ಮೇಸ್ತ್ರಿ ಮುಖ ಗಂಟು ಹಾಕಿಕೊಂಡರು, ಹಾಕಿದರು, ಗಾಡಿ ಸರಿಯಾಯಿತು. ಮುಖ ಮಾತ್ರ ಸಂಜೆಯವರೆಗೂ ಹಾಗೇ ಇತ್ತು.

ವೈರಿಂಗ್ ಇವರ ಕೈಯಲ್ಲಿ ಕೊಡಬೇಡಿ ಎಂದೆನಲ್ಲ, ಕಾರಣ ಇದು. ಈ ಕಾರು ಮೂಲದಲ್ಲಿ ಪಾಸಿಟಿವ್ ಅರ್ಥ್. ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರುತ್ತದೆ, ಈಗಿನ ಗಾಡಿಗಳಿಗೆ ಪೂರ್ತಿ ಉಲ್ಟಾ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇದ್ದವು. ಮೇಸ್ತ್ರಿಯ ಹತ್ತಿರ ಬರುವ ಎಲೆಕ್ಟ್ರಿಕ್ ಹುಡುಗ ನಾನಿಲ್ಲದಾಗ ಅಭ್ಯಾಸಬಲದಿಂದ ಮೈನಸ್ ಅನ್ನೇ ಬಾಡಿಗೆ ಕೊಟ್ಟ. ಕಾರು ಸ್ಟಾರ್ಟೇನೋ ಆಯಿತು, ಚಾರ್ಜ್ ಆಗಲಿಲ್ಲ. ಬದಲಾಯಿಸಬಾರದು ಅಂತೇನಿಲ್ಲ, ಬದಲಾಯಿಸಬಹುದು. ಆದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನು ಹೊಸ ಪ್ಲಸ್-ಮೈನಸ್ ದಿಕ್ಕಿಗೆ ಪೋಲರೈಸ್ ಮಾಡಬೇಕು, ಕಿಡಿ ಹುಟ್ಟಿಸುವ ಕಾಯಿಲ್ಲಿನ ವೈರ್ ಅದಲು ಬದಲು ಮಾಡಬೇಕು. ಆ ಕೆಲಸವನ್ನು ಕೊನೆಗೆ ನಮ್ಮ ಪ್ಲಾಂಟಿನ ಮೋಟರ್ ರಿವೈಂಡ್ ಮಾಡುವವರು ಮಾಡಿಕೊಟ್ಟರು. ಅವರಿಗೆ ಕಾರು ಗೊತ್ತಿಲ್ಲ, ಡೈನಮೋ ಗೊತ್ತು. ಅದು ಸಾಕು.

ಇನ್ನು ನೆಲ. ಎಂಜಿಎ ಕಾರಿನ ಕಾಲ ಕೆಳಗಿನ ನೆಲ ತಗಡಲ್ಲ, ಪ್ಲೈವುಡ್! ಮುಂಬಯಿ ಮಳೆಯಲ್ಲೇ ಅದು ಪದರ ಪದರ ಬಿಟ್ಟಿತ್ತು. ಇಲ್ಲಿ ಮೇಸ್ತ್ರಿಯ ಸಲಹೆ ಬಂಗಾರದಂಥದ್ದು: ‘ಕಾರಿನವರ ಹತ್ತಿರ ಯಾಕೆ ಹೋಗ್ತೀಯಾ, ಬೋಟಿನ ಆಚಾರಿ ಹತ್ತಿರ ಹೋಗು’. ಬೈತಖೋಲದಲ್ಲೇ ಬೋಟ್ ಕೆಲಸ ಮಾಡುವ ಆಚಾರಿ ಹಳೆಯ ಹಲಗೆಯನ್ನೇ ಅಳತೆಗಿಟ್ಟು, ಐಎಸ್ 710 ಮಾರ್ಕಿನ ಮರೈನ್ ಪ್ಲೈನಲ್ಲಿ ಹೊಸದು ಕೊಯ್ದುಕೊಟ್ಟರು. ಅಂಚುಗಳಿಗೆ ಮತ್ತು ಬೋಲ್ಟಿನ ತೂತುಗಳಿಗೆ ಫೈಬರ್ ಬೋಟಿಗೆ ಹಾಕುವ ಎಪಾಕ್ಸಿ ಕುಡಿಸಿದರು. ಪ್ಲೈ ಹಾಳಾಗುವುದು ನಡುವಿನಿಂದಲ್ಲ, ಅಂಚಿನಿಂದ ಅಂತ ಅವರು. ನನಗೆ ಗೊತ್ತಿರುವ ಮಟ್ಟಿಗೆ ಈ ಕಾರಿಗೆ ನಮ್ಮ ಕರಾವಳಿಯಲ್ಲಿ ಸಿಗುವ ಅತ್ಯುತ್ತಮ ಕೆಲಸ ಇದೇ. ಇಂಗ್ಲೆಂಡಿನಿಂದ ಸೆಟ್ ತರಿಸುವ ಅಗತ್ಯ ಸ್ವಲ್ಪವೂ ಇಲ್ಲ.

ತುಕ್ಕಿಗೂ ಮೇಸ್ತ್ರಿಯ ಹತ್ತಿರ ಮದ್ದಿತ್ತು, ತಾರ್ಲೆ ಎಣ್ಣೆ. ಹಿಂದೆ ದೋಣಿಗಳಿಗೆ ಬಳಿಯುತ್ತಿದ್ದ ಮೀನೆಣ್ಣೆಯನ್ನೇ ಚಾಸಿಯ ಪೆಟ್ಟಿಗೆಯೊಳಗೆ ಪಿಚಕಾರಿಯಲ್ಲಿ ಹೊಡೆಯೋಣ ಎಂದರು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಸಂದಿಗೊಂದಿಗೆ ಹರಿದು ಅಲ್ಲೇ ಒಣಗಿ ಪದರ ಕಟ್ಟುತ್ತದೆ. ಹೊಡೆಸಿದೆ. ಮುಂದಿನ ಕೆಲವು ವಾರ ಬೈತಖೋಲದ ಬೆಕ್ಕುಗಳೆಲ್ಲ ನಮ್ಮ ಕಾರಿನ ಅಡಿಯಲ್ಲೇ ಸಂಸಾರ ಹೂಡಿದ್ದವು. ಇನ್ನೊಂದು ಮಾತು. ಈ ಕಾರಿನ ಬಾನೆಟ್, ಡಿಕ್ಕಿ ಮುಚ್ಚಳ, ಬಾಗಿಲ ಮೈ ಅಲ್ಯೂಮಿನಿಯಂ, ಉಳಿದದ್ದು ಸ್ಟೀಲ್. ಎರಡು ಸೇರುವ ಕಡೆ ಉಪ್ಪು ಗಾಳಿ ತಗುಲಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಸಮುದ್ರದ ಪಕ್ಕ ಇರುವವರು ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೆದು, ಬಾಗಿಲಿನ ಕೆಳ ಅಂಚಿಗೆ ಬೆರಳು ಹಾಕಿ ನೋಡಿ.

ಮಾರ್ಪಾಡಿನ ವಿಷಯಕ್ಕೆ ಬಂದರೆ ಮೇಸ್ತ್ರಿಗೂ ನನಗೂ ಜಗಳ. 1990ರ ದಶಕದಲ್ಲಿ ಅಂಬಾಸಿಡರ್‌ಗೆ ಇಸುಜು 1800 ಇಂಜಿನ್, 5 ಗೇರಿನ ಬಾಕ್ಸ್ ಬಂತಲ್ಲ, ಅದನ್ನೇ ಇದಕ್ಕೂ ಕೂರಿಸೋಣ ಅಂತ ಅವರ ಆಸೆ. ಒಂದು ಇಂಜಿನ್ ತೊಳೆದು, ಗೋಣಿ ಮುಚ್ಚಿ ಮೂಲೆಯಲ್ಲಿ ಇಟ್ಟೂ ಇದ್ದಾರೆ. ನಾನು ಹೋದಾಗಲೆಲ್ಲ ಗೋಣಿ ಸರಿಸಿ ತೋರಿಸುತ್ತಾರೆ. ಹೈವೇ ಮೇಲೆ ಐದನೇ ಗೇರಿನ ಸುಖ ನನಗೂ ಬೇಕು. ಇಂಗ್ಲೆಂಡಿನಲ್ಲೇ ಬಹಳ ಜನ ಫೋರ್ಡ್ ಸಿಯೆರಾದ 5 ಗೇರಿನ ಬಾಕ್ಸ್ ಹಾಕಿಕೊಳ್ಳುತ್ತಾರೆ. ಆದರೆ ಇಸುಜು ಕೂರಬೇಕೆಂದರೆ ಚಾಸಿ ಕೊಯ್ಯಬೇಕು. ಅದಕ್ಕೆ ನಾನು ತಯಾರಿಲ್ಲ. ಬೋಲ್ಟ್ ಬಿಚ್ಚಿ ಮತ್ತೆ ಮೊದಲಿನಂತೆ ಮಾಡಲು ಬರುವಂಥ ಬದಲಾವಣೆ ಮಾತ್ರ ಮಾಡಿಸುವುದು ಅಂತ ಗೆರೆ ಹಾಕಿಕೊಂಡಿದ್ದೇನೆ.

ಆ ಗೆರೆಯೊಳಗೆ ಆದದ್ದು ಇಷ್ಟು. ಎರಡು 6 ವೋಲ್ಟ್ ಬದಲು 12 ವೋಲ್ಟಿನ ಒಂದೇ ಬ್ಯಾಟರಿ. ಡಬ್ಬಿಯೊಳಗೆ ಕೂರುವ ಹಳೆಯ ಆಯಿಲ್ ಫಿಲ್ಟರಿನ ಜಾಗದಲ್ಲಿ ತಿರುಗಿಸಿ ಹಾಕುವ ಫಿಲ್ಟರ್. ಇದಕ್ಕೆ ಬೇಕಾದ ಅಡಾಪ್ಟರ್ ಮಾತ್ರ ಹೊರಗಿನಿಂದ ತರಿಸಿದೆ. ಹೆಡ್‌ಲೈಟಿಗೆ ರಿಲೇ. ಸೀಟ್ ಬೆಲ್ಟ್, ಯಾಕೆಂದರೆ ಕಾರು ಬಂದಾಗ ಇರಲೇ ಇಲ್ಲ. ಎಲೆಕ್ಟ್ರಿಕ್ ಫ್ಯಾನ್ ಬೇಕೆಂದು ಬಹಳ ಅನ್ನಿಸಿತ್ತು. ಆದರೆ ಡೈನಮೋ 20 ಆಂಪ್ ಕೂಡ ದಾಟುವುದಿಲ್ಲ. ಲೈಟ್ ಹಾಕಿಕೊಂಡು ಫ್ಯಾನೂ ಓಡಿಸಿದರೆ ಬ್ಯಾಟರಿ ಖಾಲಿ. ರೇಡಿಯೇಟರಿನ ಕೋರ್ ಹೊಸದು ಹಾಕಿಸಿದೆ, ಹಟ್ಟಿಕೇರಿ ಟೋಲಿನ ಸಾಲಿನಲ್ಲಿ ನಿಂತರೂ ಈಗ ಮುಳ್ಳು ಕೆಂಪಿಗೆ ಹೋಗುವುದಿಲ್ಲ.

ಪೆಟ್ರೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ್ದು. ಹಳೆಯ ರಬ್ಬರ್ ಪೈಪ್ ಅದರಲ್ಲಿ ಮೆತ್ತಗಾಗುತ್ತದೆ. ಮೇಸ್ತ್ರಿ ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ರಬ್ಬರ್ ಪೈಪ್ ಬದಲಿಸಿ, ಎಥನಾಲ್ ತಡೆಯುವ ಈಗಿನ ಇಂಜೆಕ್ಷನ್ ಗಾಡಿಗಳ ಪೈಪ್ ಹಾಕಿದರು. ಎಥನಾಲ್ ತೇವ ಹೀರುತ್ತದೆ. ಮಳೆಗಾಲದಲ್ಲಿ ಕಾರು ನಿಲ್ಲಿಸುವಾಗ ಟ್ಯಾಂಕ್ ಅರ್ಧ ಬಿಡಬೇಡಿ. ನಾನು ಪೂರ್ತಿ ಖಾಲಿ ಮಾಡುತ್ತೇನೆ.

ಬ್ರೇಕ್ ನಾಲ್ಕೂ ಡ್ರಮ್. ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿದಿತ್ತು. ಲೇತ್‌ನಲ್ಲಿ ಕೊರೆಸಿ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿದರು. ಅಚ್ಚುಕಟ್ಟು ಕೆಲಸ. ಆದರೂ ಅರಬೈಲ್ ಘಾಟಿ ಇಳಿಯುವಾಗ ಲಾರಿಯವರ ಹಾಗೆ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ನಂಬಿ ಕೂರುವಂತಿಲ್ಲ. ಒಂದನೇ ಗೇರಿಗೆ ಸಿಂಕ್ರೋ (ಗೇರನ್ನು ಸಲೀಸಾಗಿ ಕೂರಿಸುವ ಭಾಗ) ಇಲ್ಲ, ಎರಡು ಸಲ ಕ್ಲಚ್ ಒತ್ತಿ ಗೇರ್ ಹಾಕುವ ಡಬಲ್ ಕ್ಲಚ್ ಕಲಿಯಿರಿ. ಹಳೆಯ ಟ್ಯಾಕ್ಸಿ ಡ್ರೈವರ್ ಯಾರನ್ನಾದರೂ ಕೇಳಿದರೆ ಅರ್ಧ ಗಂಟೆಯಲ್ಲಿ ಹೇಳಿಕೊಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಿಣಗಾ ಸುರಂಗದೊಳಗೆ ಹುಡ್ ಇಳಿಸಿಕೊಂಡು ಮೂರನೇ ಗೇರಿನಲ್ಲಿ ಒಮ್ಮೆ ಹೋಗಿ. ಆ ಶಬ್ದಕ್ಕೆ ಖರ್ಚಿನ ಲೆಕ್ಕ ಮರೆತುಹೋಗುತ್ತದೆ.

ಖರ್ಚು ಎಂದಾಗ ನೆನಪಾಯಿತು. ಮೇಸ್ತ್ರಿ ದಿನದ ಕೂಲಿ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ, ಸಾಮಾನಿನ ಮೇಲೆ ಲಾಭ ಇಡುವುದಿಲ್ಲ, ಅಂಗಡಿಯ ಚೀಟಿಯನ್ನೇ ಕೊಡುತ್ತಾರೆ. ಬಿಲ್ ಕೇಳಬೇಡಿ, ಸಿಗುವುದಿಲ್ಲ. ವ್ಯವಹಾರ ಮಾಡುವವಳಾಗಿ ನನಗೆ ಇದು ಕಿರಿಕಿರಿ. ನಾನೇ ಒಂದು ಪುಸ್ತಕ ಇಟ್ಟು ಬರೆದು, ಅವರಿಂದ ಸಹಿ ಹಾಕಿಸಿಕೊಂಡೆ. ಹೇಳಿದ ದಿನಕ್ಕೆ ಕೆಲಸ ಮುಗಿದದ್ದೇ ಇಲ್ಲ. ಫೋನ್ ಎತ್ತುವುದಿಲ್ಲ. ಖುದ್ದಾಗಿ ಹೋಗಿ ನಿಂತರೆ ಮಾತ್ರ ಗಾಡಿಯ ಮೇಲಿನ ಟಾರ್ಪಾಲ್ ತೆಗೆಯುತ್ತಾರೆ.

ಹೋಗುವ ಸಮಯ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳಿಗೆ ಮೀನುಗಾರಿಕೆ ನಿಷೇಧ. ಆಗ ಐಸಿಗೆ ಗಿರಾಕಿ ಇಲ್ಲ, ನನಗೆ ಪುರಸೊತ್ತು. ಅದೇ ಹೊತ್ತಿಗೆ ಬೋಟುಗಳ ಇಂಜಿನ್‌ಗಳೆಲ್ಲ ರಿಪೇರಿಗೆ ಬಂದು ಶೆಡ್ಡು ತುಂಬಿರುತ್ತದೆ, ಕಾರು ಒಳಗೆ ಬಿಡುವುದೇ ಇಲ್ಲ. ದೀಪಾವಳಿ ಕಳೆದ ಮೇಲೆ, ಬೆಳಿಗ್ಗೆ ಒಂಬತ್ತರೊಳಗೆ ಹೋಗಿ. ಇಸುಜು ಇಂಜಿನ್ ತೋರಿಸಿದರೆ ಚೆನ್ನಾಗಿದೆ ಅನ್ನಿ, ರೇಟ್ ಕೇಳಬೇಡಿ.