ಪರಿಸರ ಸಾಕ್ಷ್ಯಚಿತ್ರ: ಗ್ರಂಥಾಲಯದಲ್ಲೋ, ಒಟಿಟಿಯಲ್ಲೋ, ಚಿತ್ರಮಂದಿರದಲ್ಲೋ?

ಮಕ್ಕಳಿಗೆ ಕಾಡು, ಕೆರೆ, ನದಿಗಳ ಸಾಕ್ಷ್ಯಚಿತ್ರ ತೋರಿಸಬೇಕೆಂದರೆ ನನ್ನ ಓಟು ಬಡಾವಣೆಯ ಗ್ರಂಥಾಲಯಕ್ಕೆ. ಬೆಂಗಳೂರಿನ ನಮ್ಮ ಶಾಖಾ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಉಚಿತವಾಗಿ ತೋರಿಸುತ್ತಾರೆ. ಒಟಿಟಿಯ ವರ್ಷದ ಚಂದಾ ಮತ್ತೆ ಕಟ್ಟುವ ಹೊತ್ತು ಬಂದಾಗ ಮನೆಯಲ್ಲಿ ಇದೇ ಚರ್ಚೆಯಾಯಿತು. ಮೂರೂ ಕಡೆ ನೋಡಿದವರಾದ್ದರಿಂದ ತೀರ್ಮಾನ ಕಷ್ಟವಾಗಲಿಲ್ಲ.

ದೃಶ್ಯದ ಸೊಗಸಿನಲ್ಲಿ ಚಿತ್ರಮಂದಿರಕ್ಕೆ ಸಾಟಿಯಿಲ್ಲ. 2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’, 2022ರ ಅಕ್ಟೋಬರಿನಲ್ಲಿ ‘ಗಂಧದ ಗುಡಿ’, ಎರಡನ್ನೂ ದೊಡ್ಡ ಪರದೆಯಲ್ಲೇ ನೋಡಿದೆವು. ಆದರೆ ಇಂಥವು ಅಲ್ಲಿಗೆ ಬರುವುದೇ ಅಪರೂಪ, ಬಂದರೆ ನಾಲ್ಕು ಜನರ ಟಿಕೆಟ್ಟು.

ಒಟಿಟಿಯಲ್ಲಿ ಚಿತ್ರ ಸ್ಪಷ್ಟ, ಮಾತು ಸ್ಪಷ್ಟ, ಬೇಕಾದಾಗ ನಿಲ್ಲಿಸಬಹುದು. ಆ ನಿಲ್ಲಿಸುವ ಅನುಕೂಲವೇ ನಮ್ಮ ಮನೆಗೆ ಮುಳುವು. ಬಂಡೀಪುರದ ಪಕ್ಕದ ಮುದುಮಲೆಯ ಆನೆ ಶಿಬಿರದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸುಮಾರು ನಲವತ್ತು ನಿಮಿಷದ್ದು, ಹಾಗಾಗಿ ಒಂದೇ ಸಲಕ್ಕೆ ಮುಗಿಯಿತು. ಅದಕ್ಕಿಂತ ಉದ್ದದ್ದೆಲ್ಲ ಅರ್ಧಕ್ಕೇ ನಿಂತಿವೆ. ಮುಗಿದರೂ ಅಷ್ಟೇ, ಹೆಸರುಗಳು ಓಡುವಷ್ಟರಲ್ಲಿ ಇನ್ನೊಂದು ಕಾರ್ಯಕ್ರಮ ತಾನಾಗಿ ಶುರುವಾಗುತ್ತದೆ. ನೋಡಿದ್ದನ್ನು ಮಾತಾಡಲು ಯಾರಿಗೂ ಬಿಡುವಿಲ್ಲ.

ಗ್ರಂಥಾಲಯದಲ್ಲಿ ನಮ್ಮನ್ನು ನಿಜಕ್ಕೂ ಕಾಡಿದ್ದು ಶಬ್ದ. ಓದುವ ಕೋಣೆಯ ಸೂರು ಎತ್ತರ, ನೆಲಕ್ಕೆ ನುಣುಪು ಕಲ್ಲು, ಸುತ್ತ ಕಬ್ಬಿಣದ ಬೀರುಗಳು. ಆಡಿದ ಮಾತು ಗೋಡೆಗೆ ಬಡಿದು ಗುಂಯ್ ಎಂದು ಮರಳುತ್ತದೆ. ಸ್ಪೀಕರನ್ನು ಪರದೆಯ ಕೆಳಗೆ ನೆಲದ ಮೇಲಿಟ್ಟಿದ್ದರು. ಮುಂದೆ ಕೂತವರಿಗೆ ಕಿವಿ ಗಡಚಿಕ್ಕುವಷ್ಟು, ಹಿಂದಿನವರಿಗೆ ಫ್ಯಾನಿನ ಸದ್ದು ಮಾತ್ರ.

ಹಕ್ಕಿಯ ಕೂಗು, ನೀರಿನ ಸದ್ದಾದರೆ ಹೇಗೋ ನಡೆಯುತ್ತದೆ. ಇಂಗ್ಲಿಷ್ ನಿರೂಪಣೆ ಹೀಗೆ ಕಲಸಿಹೋದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಎಳೆಯೇ ಸಿಗುವುದಿಲ್ಲ. ಸಬ್‌ಟೈಟಲ್ ಓದೋಣವೆಂದರೆ ಮುಂದಿನ ಸಾಲಿನ ದೊಡ್ಡವರ ತಲೆಗಳು ಅಡ್ಡ. ನನ್ನ ಮಗಳು ‘ಏನಂದ್ರು, ಏನಂದ್ರು’ ಎಂದು ಕೇಳುತ್ತಲೇ ಇದ್ದಳು. ‘ವೈಲ್ಡ್ ಕರ್ನಾಟಕ’ಕ್ಕೆ ರಿಷಬ್ ಶೆಟ್ಟಿಯವರ ದನಿಯಲ್ಲಿ ಕನ್ನಡ ನಿರೂಪಣೆ ಬಂತಲ್ಲ, ಅಂಥದ್ದು ಪ್ರತಿ ಚಿತ್ರಕ್ಕೂ ಬೇಕು.

ಹೇಳಿದಾಗ ಗ್ರಂಥಪಾಲಕರು ಬೇಸರಿಸಿಕೊಳ್ಳಲಿಲ್ಲ. ಸ್ಪೀಕರುಗಳನ್ನು ಮೇಜಿನ ಮೇಲೇರಿಸಿ ಕೋಣೆಯ ನಡುಭಾಗದ ಇಬ್ಬದಿಗೆ ತಂದರು. ಮನೆಮನೆಯಿಂದ ಜಮಖಾನ ತಂದು ನೆಲಕ್ಕೆ ಹಾಸಿದೆವು. ಗುಂಯ್‌ಗುಡುವುದು ಎದ್ದು ಕಾಣುವಷ್ಟು ತಗ್ಗಿತು. ಈಗ ಮಕ್ಕಳು ಮುಂದೆ ಜಮಖಾನದ ಮೇಲೆ, ದೊಡ್ಡವರು ಹಿಂದೆ ಕುರ್ಚಿಯಲ್ಲಿ. ತಲೆಗಳ ಅಡ್ಡಿಯೂ ತಪ್ಪಿತು. ಇಂಗ್ಲಿಷ್ ಚಿತ್ರವಾದರೆ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸುತ್ತಾರೆ. ಸೆಕೆಗಾಲದಲ್ಲಿ ಫ್ಯಾನಿನ ಸದ್ದು ಮಾತ್ರ ಹಾಗೇ ಇದೆ. ಬೇಗ ಹೋಗಿ ಸ್ಪೀಕರಿನ ಹತ್ತಿರದ ಕುರ್ಚಿ ಹಿಡಿಯಿರಿ.

ಇಷ್ಟಾದರೂ ಗ್ರಂಥಾಲಯವೇ ಏಕೆಂದರೆ, ಚಿತ್ರ ಮುಗಿದ ಮೇಲಿನ ಮಾತಿಗಾಗಿ. ಕೆರೆಗಳ ಮೇಲಿನ ಚಿತ್ರವೊಂದು ತೋರಿಸಿದ ದಿನ ಮಕ್ಕಳು ಬೆಳ್ಳಂದೂರು ಕೆರೆಯ ನೊರೆಯ ಬಗ್ಗೆ ಕೇಳಿದರು. ಸೋಪು, ಪುಡಿಗಳಿರುವ ಮನೆಮನೆಯ ಕೊಳಚೆ ಶುದ್ಧಿಯಾಗದೆ ಕೆರೆ ಸೇರಿದರೆ, ನೀರು ಕೋಡಿಯಲ್ಲಿ ಧುಮುಕುವಾಗ ನೊರೆ ಏಳುತ್ತದೆ ಎಂದು ಮೇಷ್ಟ್ರು ತಿಳಿಸಿದರು. ಆಗ ಹಿಂದಿನಿಂದ ಒಬ್ಬ ಅಜ್ಜ ಎದ್ದುಬಂದು ಹಲಗೆಯ ಮೇಲೆ ನಮ್ಮ ಬಡಾವಣೆಯದೇ ನಕ್ಷೆ ಬರೆದರು: ಕೆರೆ ಎಲ್ಲಿತ್ತು, ತೂಬು ಎಲ್ಲಿ, ಕೋಡಿ ಬಿದ್ದರೆ ನೀರು ಯಾವ ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಮಳೆ ಬಂದಾಗಲೆಲ್ಲ ನಮ್ಮ ಮೂರನೇ ಅಡ್ಡರಸ್ತೆಯೇ ಏಕೆ ಮುಳುಗುತ್ತದೆಂದು ಮಕ್ಕಳಿಗೆ ಅರ್ಥವಾಯಿತು. ನನಗೂ ಆವತ್ತೇ ಅರ್ಥವಾದದ್ದು.

ದುಡ್ಡಿನ ಮಾತು. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಪ್ರದರ್ಶನ ಉಚಿತವೆಂದರೂ ಅದು ನಮ್ಮದೇ ಹಣದ ಫಲ, ಸಂಕೋಚವಿಲ್ಲದೆ ಹೋಗಿ. ನಿಮ್ಮ ಗ್ರಂಥಾಲಯದಲ್ಲಿ ಶುರುಮಾಡಿಸುವುದಾದರೆ ಒಂದು ಎಚ್ಚರ: ಮನೆಯ ಒಟಿಟಿ ಖಾತೆಯಿಂದ ಸಾರ್ವಜನಿಕರಿಗೆ ತೋರಿಸುವಂತಿಲ್ಲ. ಚಿತ್ರ ಮಾಡಿದವರ ಅನುಮತಿ ಬೇಕು. ಸ್ವತಂತ್ರ ನಿರ್ದೇಶಕರನ್ನು ಕೇಳಿ ನೋಡಿ, ಜನ ನೋಡಲೆಂದೇ ಮಾಡಿದ ಚಿತ್ರಗಳವು.

ನಾವು ಒಟಿಟಿಯ ವರ್ಷದ ಚಂದಾ ಬಿಟ್ಟೆವು. ನೋಡಲೇಬೇಕಾದದ್ದು ಬಂದರೆ ಆ ತಿಂಗಳಿಗಷ್ಟೇ ಕಟ್ಟುತ್ತೇವೆ. ಮೆಟ್ಟಿಲು ಹತ್ತಲಾಗದ ಹಿರಿಯರಿರುವ ಮನೆಯವರು, ಭಾನುವಾರವೂ ಕೆಲಸವಿರುವವರು ಒಟಿಟಿ ಇಟ್ಟುಕೊಳ್ಳಿ. ಮಕ್ಕಳಿದ್ದು, ಗ್ರಂಥಾಲಯ ನಡೆದು ಹೋಗುವಷ್ಟು ಹತ್ತಿರವಿದ್ದರೆ ಮುಂದಿನ ಪ್ರದರ್ಶನ ಯಾವಾಗಲೆಂದು ಇವತ್ತೇ ವಿಚಾರಿಸಿ. ನಮ್ಮಲ್ಲಿ ಸೂಚನಾ ಫಲಕದಲ್ಲಿ ಬಿಟ್ಟರೆ ಬೇರೆಲ್ಲೂ ಹಾಕುವುದಿಲ್ಲ.