ನಾಯಿ ಗುರ್ರೆನ್ನುವುದನ್ನು ಗದರಿಸಿ ನಿಲ್ಲಿಸಬೇಡಿ. ನಾವು ನಿಲ್ಲಿಸಿ ಕೆಟ್ಟೆವು

ನಮ್ಮ ಚುಕ್ಕಿ ನಮ್ಮ ಜೊತೆ ಬೆಣ್ಣೆಯಂಥವಳು. ಕಾಲಿಂಗ್ ಬೆಲ್ ಆದರೆ ಮಾತ್ರ ಬೇರೆಯೇ ಜೀವ. ಬೊಗಳುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಳು, ಹತ್ತಿರ ಹೋದವರಿಗೆ ಗುರ್ರೆನ್ನುತ್ತಿದ್ದಳು. ನಾಯಿಗಳಿಗೆ ತರಬೇತಿ ಕೊಡುವ ಒಬ್ಬರನ್ನು ಕರೆಸಿದೆವು. ‘ಬೆಲ್ಟ್ ಹಾಕಿ ಪಕ್ಕದಲ್ಲೇ ಕೂರಿಸಿಕೊಳ್ಳಿ. ಬಂದವರೆಲ್ಲ ತಲೆ ಸವರಲಿ. ಗುರ್ ಅಂದರೆ ಜಗ್ಗಿ ಗದರಿಸಿ. ರೂಢಿಯಾಗುತ್ತೆ’ ಅಂದರು.

ಮೂರು ವಾರದಲ್ಲಿ ಗುರ್ ನಿಂತಿತು. ಯಾರು ಬಂದರೂ ಚುಕ್ಕಿ ಕಲ್ಲಿನ ಹಾಗೆ ಕೂರುತ್ತಿದ್ದಳು. ಎಷ್ಟು ಜಾಣೆ ಆಗಿದ್ದಾಳೆ ಅಂತ ಎಲ್ಲರೂ ಹೊಗಳುವವರೇ. ಆಗಿನ ವಿಡಿಯೊ ಈಗ ನೋಡಿದರೆ ಕರುಳು ಹಿಂಡಿದ ಹಾಗಾಗುತ್ತದೆ. ಬಾಲ ಹೊಟ್ಟೆಗೆ ಅಂಟಿದೆ. ಸುಮ್ಸುಮ್ನೆ ತುಟಿ ನೆಕ್ಕುತ್ತಾಳೆ, ಆಕಳಿಸುತ್ತಾಳೆ. ಮುಖ ಅತ್ತ ತಿರುಗಿಸಿ ಓರೆಗಣ್ಣಲ್ಲಿ ನೋಡುವಾಗ ಕಣ್ಣಿನ ಬಿಳಿ ಕಾಣುತ್ತದೆ. ಹೆದರಿ ಮರಗಟ್ಟಿ ಕೂತಿದ್ದಳು, ನಾವು ಅದನ್ನೇ ಶಿಸ್ತು ಅಂದುಕೊಂಡೆವು.

ಒಂದು ಸಂಜೆ ಚಿಕ್ಕಮ್ಮ ಬಂದರು. ಬಗ್ಗಿ ತಲೆಯ ಕಡೆಗೆ ಕೈ ಚಾಚಿದರು. ಚುಕ್ಕಿ ಬೊಗಳಲಿಲ್ಲ, ಗುರ್ರೆನ್ನಲಿಲ್ಲ, ಒಂದೇ ಸಲಕ್ಕೆ ಬಾಯಿ ಹಾಕಿದಳು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿದೆವು. ನಾಯಿಗೆ ರೇಬೀಸ್ ಲಸಿಕೆ ಆಗಿದ್ದರೂ ಕಚ್ಚಿಸಿಕೊಂಡವರನ್ನು ಡಾಕ್ಟರಿಗೆ ತೋರಿಸಲೇಬೇಕು. ‘ಪಾಪ, ನಾನೇ ಮುಟ್ಟಬಾರದಿತ್ತು’ ಅಂದರು ಚಿಕ್ಕಮ್ಮ. ಬೈದಿದ್ದರೇ ಚೆನ್ನಾಗಿತ್ತು.

ಪಶುವೈದ್ಯರು ಮೊದಲು ಕಿವಿ, ಹಲ್ಲು, ಕೀಲು ನೋಡಿದರು. ಎಲ್ಲೋ ನೋವಿದ್ದರೂ ನಾಯಿ ಹೀಗೆ ಆಡುತ್ತದಂತೆ. ಆಮೇಲೆ ನಮಗೆ ಹೇಳಿದ್ದು: ‘ದೂರ ಇರಿ ಅಂತ ಹೇಳೋಕೆ ಅವಳಿಗೆ ಇದ್ದದ್ದು ಆ ಗುರ್ ಒಂದೇ ಮಾತು. ಭಯ ಹಾಗೇ ಉಳೀತು, ಮಾತು ಹೋಯ್ತು.’

ಈಗ ಬೆಲ್ ಆಗುವ ಮೊದಲೇ ಚುಕ್ಕಿ ಒಳಗಿನ ಕೋಣೆಯಲ್ಲಿ, ಅಗಿಯಲು ಏನಾದರೂ ಕೊಟ್ಟು. ಬಂದವರು ಕೂತ ಮೇಲೆ ಅವಳು ಬಾಗಿಲಿಗೆ ಅಡ್ಡ ಹಾಕಿದ ಗೇಟಿನ ಆಚೆಯಿಂದ ನೋಡಬಹುದು. ಯಾರೂ ಅವಳನ್ನು ದಿಟ್ಟಿಸಬಾರದು, ಮಾತಾಡಿಸಬಾರದು, ಕೈ ಚಾಚಬಾರದು. ತಿಂಡಿ ಚೂರನ್ನು ಅವಳ ಹಿಂದಕ್ಕೆ ಎಸೆಯುತ್ತೇವೆ. ಬಂದವರ ಕೈಯಿಂದ ತಿನ್ನಿಸುವ ತಪ್ಪನ್ನೂ ನಾವು ಮಾಡಿದ್ದೆವು. ನಾಯಿ ಆಸೆಗೆ ಹತ್ತಿರ ಬರುತ್ತದೆ, ತಿಂಡಿ ಮುಗಿದ ಕೂಡಲೇ ಎದುರಿಗೆ ಅಪರಿಚಿತರು, ಗಾಬರಿ ಇನ್ನೂ ಜಾಸ್ತಿ. ಎಸೆದ ಚೂರನ್ನು ಮೂಸಿಯೂ ನೋಡದಿದ್ದರೆ ದೂರ ಸಾಲದು ಅಂತ ಅರ್ಥ. ಆ ದಿನ ಕೋಣೆಯೇ ವಾಸಿ.

ನಮಗೆ ಬರೆದುಕೊಟ್ಟ ನಿದ್ದೆ ಮಾತ್ರೆಯಲ್ಲಿ ಅರ್ಧ ಚುಕ್ಕಿಗೆ ಕೊಟ್ಟುಬಿಡಿ ಅಂತ ಹೇಳಿದವರೂ ಇದ್ದಾರೆ. ಬೇಡವೇ ಬೇಡ. ಔಷಧಿ ಬೇಕಾದರೆ ಪಶುವೈದ್ಯರೇ ಕೊಡಲಿ.

ಎಂಟು ತಿಂಗಳಾಯಿತು. ಮೊನ್ನೆ ನಲ್ಲಿ ರಿಪೇರಿಗೆ ಬಂದವರನ್ನು ಕಂಡು ಗೇಟಿನಾಚೆಯಿಂದ ಸಣ್ಣಗೆ ಗುರ್ ಅಂದಳು. ಎಷ್ಟೋ ದಿನದ ಮೇಲೆ ಕೇಳಿದ್ದು. ‘ಸರಿ, ಬಾರೇ’ ಅಂತ ಒಳಗೆ ಕರೆದುಕೊಂಡು ಹೋದೆ.