ಸೀಟು ಸಿಗುತ್ತಾ? ಅಕ್ಕನ ಮಗಳಿಗಾಗಿ ನಾಲ್ಕು ಕಡೆ ಕೇಳಿ ನೋಡಿದೆ

ಕಳೆದ ಏಪ್ರಿಲ್‌ನಲ್ಲಿ ಅಕ್ಕನ ಮಗಳು ಸಿಇಟಿ ಬರೆದು ಬಂದ ರಾತ್ರಿಯಿಂದಲೇ ಮನೆಯಲ್ಲಿ ಒಂದೇ ಮಾತು. "ಮಾಮಾ, ಬೆಂಗಳೂರಾಗ ಸೀಟು ಸಿಗತೈತೇನು?" ಅವಳಪ್ಪ ಕಾರಟಗಿ ಹತ್ತಿರದ ಹಳ್ಳಿಯಲ್ಲಿ ಭತ್ತ ಬೆಳೆಯುತ್ತಾರೆ. ನಾನು ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಎರಡೂ ಮನೆಯಲ್ಲಿ ಇಂಜಿನಿಯರಿಂಗ್ ಓದಿದವರು ಒಬ್ಬರೂ ಇಲ್ಲ. ಉತ್ತರ ಹುಡುಕುವ ಕೆಲಸ ನನಗೆ ಬಂತು.

ಮೂರು ತಿಂಗಳಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಮೊಬೈಲಿನ ಕಾಲೇಜ್ ಪ್ರಿಡಿಕ್ಟರ್, ಬಳ್ಳಾರಿಯ ಒಂದು ಕೌನ್ಸೆಲಿಂಗ್ ಸೆಂಟರ್, ಅವಳ ಪಿಯು ಕಾಲೇಜಿನ ಗಣಿತದ ಮೇಷ್ಟ್ರು, ಆಮೇಲೆ ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪ್ರಕಟಿಸುವ ಹಳೆಯ ಕಟಾಫ್ ಪಟ್ಟಿ, ಅಂದರೆ ಯಾವ ಕಾಲೇಜಿನಲ್ಲಿ ಎಷ್ಟನೇ ರ‍್ಯಾಂಕ್‌ವರೆಗೆ ಸೀಟು ಸಿಕ್ಕಿತ್ತು ಅನ್ನುವ ಪಟ್ಟಿ. ಸೀಟು ಹಂಚಿಕೆ ಮುಗಿದ ಮೇಲೆ ಯಾರು ಏನು ಹೇಳಿದ್ದರು, ಕೊನೆಗೆ ಏನಾಯಿತು ಅಂತ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ನಮ್ಮ ಕಡೆ ಮಕ್ಕಳನ್ನು ಓದಿಸುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಪ್ರಿಡಿಕ್ಟರ್. ಸಿಇಟಿ ಮುಗಿದ ವಾರದಲ್ಲೇ ಮೂರು ಕಡೆ ಹಾಕಿ ನೋಡಿದೆವು. ಆಗಿನ್ನೂ ರ‍್ಯಾಂಕ್ ಬಂದಿರಲಿಲ್ಲ. ಕೀ ಉತ್ತರ ನೋಡಿ ಲೆಕ್ಕ ಹಾಕಿದ ಅಂಕ ಕೊಟ್ಟರೆ ರ‍್ಯಾಂಕ್ ಅಂದಾಜು ಹೇಳುತ್ತವೆ. ಒಂದು ಕಡೆ ಬರೀ ಸಿಇಟಿ ಅಂಕ ಕೇಳಿತು. ಪಿಯುಸಿ ಅಂಕ ಕೇಳಲೇ ಇಲ್ಲ. ಇಲ್ಲೇ ಎಡವಟ್ಟು. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅರ್ಧ, ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ. ಪಿಯುಸಿಯಲ್ಲಿ 300ಕ್ಕೆ 264 ಬಂದರೆ ಶೇ 88. ಸಿಇಟಿಯಲ್ಲಿ 180ಕ್ಕೆ 99 ಬಂದರೆ ಶೇ 55. ಎರಡೂ ಕೂಡಿಸಿ ಅರ್ಧ ಮಾಡಿದರೆ 71.5. ರ‍್ಯಾಂಕ್ ನಿಲ್ಲುವುದು ಇದರ ಮೇಲೆ. ಹಳ್ಳಿಯಿಂದ ಬಂದು, ಕೋಚಿಂಗ್ ಇಲ್ಲದೆ, ಬೋರ್ಡ್ ಪರೀಕ್ಷೆಗೆ ಕಷ್ಟಪಟ್ಟು ಓದಿದ ಹುಡುಗಿಗೆ ಆ ಅರ್ಧವೇ ಆಸರೆ ಅಲ್ವಾ? ಅದನ್ನೇ ಕೇಳದ ಲೆಕ್ಕ ಯಾರ ಲೆಕ್ಕ?

ಉಳಿದ ಎರಡು ಪಿಯುಸಿ ಅಂಕವನ್ನೂ ಕೇಳಿದವು. ಆದರೂ ನಿಜವಾದ ರ‍್ಯಾಂಕ್ ಬಂದಾಗ ಒಂದರ ಅಂದಾಜಿಗಿಂತ 9 ಸಾವಿರ ಹಿಂದಿತ್ತು. ನಡುವಿನ ಅಂಕಗಳಲ್ಲಿ ಮಕ್ಕಳು ತುಂಬಾ ದಟ್ಟವಾಗಿ ನಿಂತಿರುತ್ತಾರೆ. ಒಂದೆರಡು ಅಂಕ ಆಚೀಚೆ ಆದರೂ ಸಾವಿರಾರು ಜನ ಮುಂದೆ ಹೋಗಿಬಿಡುತ್ತಾರೆ. ಹಾಗಾಗಿ ರ‍್ಯಾಂಕ್ ಬರುವ ಮೊದಲು ಕಾಲೇಜಿನ ಹೆಸರು ಹಿಡಿದು ಕನಸು ಕಾಣುವುದು, ಅಳುವುದು ಎರಡೂ ಬೇಡ. ನಮ್ಮ ಮನೆಯಲ್ಲಿ ಎರಡೂ ಆಯಿತು.

ರ‍್ಯಾಂಕ್ ಬಂದ ಮೇಲೆ ಮತ್ತೆ ಹಾಕಿದೆವು. ಈಗ ಕಾಲೇಜುಗಳ ಉದ್ದ ಪಟ್ಟಿ ಬಂತು. ಪ್ರತಿ ಹೆಸರಿನ ಮುಂದೆ ಒಂದು ಶೇಕಡಾವಾರು. ಒಂದು ಬೆಂಗಳೂರು ಕಾಲೇಜಿಗೆ 91 ಅಂತ ಹಸಿರು ಬಣ್ಣದಲ್ಲಿತ್ತು. ಅವಳು ಅದನ್ನು ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು. ನಾನು ಮೇಲಿನ ಕಾಲಂ ನೋಡಿದೆ. ಜಾತಿ ಪ್ರವರ್ಗ ಕೇಳಿದೆ. ಗ್ರಾಮೀಣವೋ ಅಂತ ಕೇಳಿಲ್ಲ. ಕನ್ನಡ ಮಾಧ್ಯಮವೋ ಅಂತ ಕೇಳಿಲ್ಲ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗಿರುವ 371ಜೆ ಮೀಸಲಾತಿ ಕೇಳಿಲ್ಲ.

ಇದು ಸಣ್ಣ ವಿಷಯ ಅಲ್ಲ. ಸಂಸತ್ತು 2012ರಲ್ಲಿ ಒಪ್ಪಿದ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂತು. ಅದರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ನಮ್ಮ ಮಕ್ಕಳಿಗೆ. ನಮ್ಮ ಭಾಗದ ಹೊರಗೆ, ಬೆಂಗಳೂರು, ಮೈಸೂರು ಎಲ್ಲ ಕಡೆ ಶೇ 8. ಇದರ ಜೊತೆಗೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ. ನಮ್ಮ ಹುಡುಗಿ ಮೂರಕ್ಕೂ ಅರ್ಹಳು. ಅಂದರೆ ಅವಳು ನಿಂತಿರುವುದು ಒಂದು ಸಾಲಿನಲ್ಲಲ್ಲ, ನಾಲ್ಕೈದು ಸಾಲಿನಲ್ಲಿ. ಪ್ರಿಡಿಕ್ಟರ್ ಒಂದು ಸಾಲು ಮಾತ್ರ ನೋಡಿ ಉತ್ತರ ಹೇಳುತ್ತಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜೆಇಇ ಬರೆದ ಪಕ್ಕದ ಮನೆ ಹುಡುಗನಿಗೆ ಎಲ್ಲರೂ "ರಾಯಚೂರು ಐಐಐಟಿ ನಮ್ಮದೇ, ಲೋಕಲ್ ಅಂತ ಸಿಗತೈತಿ" ಅನ್ನುತ್ತಿದ್ದರು. ಹಾಗಿಲ್ಲ. ಅಲ್ಲಿ ಸೀಟು ಹಂಚುವುದು ಕೇಂದ್ರದ ಸೀಟು ಹಂಚಿಕೆ ಸಂಸ್ಥೆ ಜೋಸಾ, ಅಖಿಲ ಭಾರತ ಮಟ್ಟದ ರ‍್ಯಾಂಕ್ ಮೇಲೆ. 371ಜೆ ಅಲ್ಲಿ ನಡೆಯುವುದಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಇದೆ. ಮನೆಯಿಂದ ಕಾಲೇಜು ಎಷ್ಟು ದೂರ ಅನ್ನುವುದಕ್ಕೂ ಸೀಟು ಸಿಗುವುದಕ್ಕೂ ಸಂಬಂಧವಿಲ್ಲ. ಯಾವ ಕಾಲೇಜಿನ ಸೀಟನ್ನು ಯಾರು ಹಂಚುತ್ತಾರೆ, ಯಾವ ನಿಯಮದಲ್ಲಿ ಅನ್ನುವುದೇ ಮುಖ್ಯ.

ಬಳ್ಳಾರಿಯ ಸೆಂಟರ್‌ಗೆ 6 ಸಾವಿರ ಕೊಟ್ಟೆವು. ಅಲ್ಲಿ ಕುಳಿತಿದ್ದವರು ಮೊದಲು ಕೇಳಿದ್ದೇ "371ಜೆ ಸರ್ಟಿಫಿಕೇಟ್ ಮಾಡಿಸಿದ್ದೀರಾ?" ನನಗೆ ಸಮಾಧಾನ ಆಯಿತು. ಚಾಯ್ಸ್ ವಿಷಯವನ್ನೂ ಚೆನ್ನಾಗಿ ಬಿಡಿಸಿ ಹೇಳಿದರು. ಸೀಟು ಬಂದ ಮೇಲೆ ಚಾಯ್ಸ್ 1 ಅಂದರೆ ಒಪ್ಪಿಕೊಂಡು ಸೇರುವುದು. ಚಾಯ್ಸ್ 2 ಅಂದರೆ ಆ ಸೀಟು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್ 3 ಅಂದರೆ ಅದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್ 4 ಅಂದರೆ ಪೂರ್ತಿ ಹೊರಗೆ. ಇಲ್ಲಿಯವರೆಗೆ ಸರಿ. ಆದರೆ ಕಾಲೇಜುಗಳ ಪಟ್ಟಿ ಬರೆದು ಕೊಟ್ಟಾಗ 15 ಹೆಸರು ಮಾತ್ರ ಇದ್ದವು. ಅವಳಿಗೆ ಇಷ್ಟವಾದ ಬೆಂಗಳೂರಿನ ಯುವಿಸಿಇ ಇರಲಿಲ್ಲ. 1917ರಿಂದ ಇರುವ ಕಾಲೇಜು ಅದು, ಸರ್ಕಾರದ್ದು. ಅದರ ಕಟ್ಟಡದ ಚಿತ್ರವನ್ನು ಅವಳು ಮೊಬೈಲಿನ ಮುಖಪುಟಕ್ಕೆ ಹಾಕಿಕೊಂಡಿದ್ದಳು. ಯಾಕೆ ಸರ್ ಇಲ್ಲ ಅಂದರೆ "ಅದು ಸಿಗಲ್ಲ, ಸುಮ್ನೆ ಮೇಲೆ ಹಾಕಿದ್ರೆ ಕೆಳಗಿಂದೂ ಹೋಗುತ್ತೆ" ಅಂದರು. ಆಮೇಲೆ ಮ್ಯಾನೇಜ್‌ಮೆಂಟ್ ಸೀಟಿನ ಮಾತು ತೆಗೆದರು. ಅದು ನಮಗೆ ಆಗುವ ಮಾತೇ ಅಲ್ಲ.

ಅವರು ಹೇಳಿದ್ದು ತಪ್ಪು. ಇದನ್ನು ನಾನು ಜೋರಾಗಿ ಹೇಳಬೇಕು, ಯಾಕಂದರೆ ನಮ್ಮ ಕಡೆ ಬಹಳ ಜನ ಇದೇ ಹೆದರಿಕೆಯಲ್ಲಿ ಮಕ್ಕಳ ಆಸೆ ಕಡಿಯುತ್ತಿದ್ದಾರೆ. ಕೆಇಎ ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಹೋಗುತ್ತದೆ. ಮೊದಲನೆಯದು ಖಾಲಿ ಇಲ್ಲವಾ, ಎರಡನೆಯದು. ಅದೂ ಇಲ್ಲವಾ, ಮೂರನೆಯದು. ಸಿಗದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ನಷ್ಟ ಆಗುವುದು ಉಲ್ಟಾ ಮಾಡಿದಾಗ. ಸುಲಭವಾಗಿ ಸಿಗುವುದನ್ನು ಮೇಲೆ ಹಾಕಿದರೆ ಅಲ್ಲೇ ನಿಲ್ಲುತ್ತದೆ, ಅದರ ಕೆಳಗಿನ ಒಳ್ಳೆಯದನ್ನು ನೋಡುವುದೇ ಇಲ್ಲ.

ಇದು ಅರ್ಥವಾದ ದಿನ ನನ್ನ ಪ್ರಶ್ನೆಯೇ ಬದಲಾಯಿತು. ಮೇಲಿನ ಕಾಲೇಜು ಸಿಗುತ್ತಾ ಅಂತ ಯಾರನ್ನೂ ಕೇಳಬೇಕಾಗಿಲ್ಲ, ಬರೆದರಾಯಿತು. ತಿಳಿದುಕೊಳ್ಳಬೇಕಾದದ್ದು ಪಟ್ಟಿಯ ಬುಡ ಗಟ್ಟಿ ಇದೆಯಾ ಅನ್ನುವುದು. ಏನೇ ಆದರೂ ಇಲ್ಲಿ ಸಿಕ್ಕೇ ಸಿಗುತ್ತದೆ ಅನ್ನುವ ನಾಲ್ಕು ಹೆಸರು ಯಾವುವು?

ಅದಕ್ಕೆ ಉತ್ತರ ಸಿಕ್ಕಿದ್ದು ಕೆಇಎ ಪಟ್ಟಿಯಲ್ಲಿ. ಕೆಇಎ ಪ್ರತಿ ವರ್ಷ, ಪ್ರತಿ ಸುತ್ತಿನ ಕೊನೆಯ ರ‍್ಯಾಂಕ್ ಪ್ರಕಟಿಸುತ್ತದೆ. ಸಾಮಾನ್ಯ ಪಟ್ಟಿ ಬೇರೆ, ನಮ್ಮ ಭಾಗದ ಪಟ್ಟಿ ಬೇರೆ. ನಮ್ಮದಕ್ಕೆ ಇನ್ನೂ ಹಳೆಯ ಹೆಸರು ಹೈದರಾಬಾದ್ ಕರ್ನಾಟಕದ ಎಚ್‌ಕೆ ಅನ್ನುವ ಅಕ್ಷರಗಳೇ ಇರುತ್ತವೆ. ಬಹಳ ಜನ ಮೊದಲ ಪಟ್ಟಿ ನೋಡಿ ಎದೆ ಒಡೆದುಕೊಳ್ಳುತ್ತಾರೆ. ನಾವು ಎರಡನ್ನೂ ಮೂರು ವರ್ಷದ್ದು ಪ್ರಿಂಟ್ ತೆಗೆಸಿದೆವು. ಅಕ್ಷರ ಸಾಸಿವೆ ಕಾಳಿನಷ್ಟು. ಅಂಗಡಿಯ ಉದ್ದರಿ ಪುಸ್ತಕದಲ್ಲಿ ಖಾಲಿ ಹಾಳೆ ಹುಡುಕಿ ಗೆರೆ ಎಳೆದೆ. ಅವಳು ಸ್ಕೇಲ್ ಇಟ್ಟುಕೊಂಡು ಸಾಲು ಓದುವಳು, ನಾನು ಬರೆಯುವೆ. ಕಾಲೇಜು, ಬ್ರಾಂಚು, ಮೂರು ವರ್ಷದ ಕೊನೆಯ ಸುತ್ತಿನ ರ‍್ಯಾಂಕ್. ಐದು ಸಂಜೆ ಹಿಡಿಯಿತು.

ಆಮೇಲೆ ಮೂರು ಗುರುತು ಹಾಕಿದೆವು. ಮೂರು ವರ್ಷದಲ್ಲಿ ಅತಿ ಬಿಗಿಯಾದ ವರ್ಷವೂ ಅವಳ ರ‍್ಯಾಂಕ್‌ಗೆ ಸೀಟು ಸಿಗುವಂತಿದ್ದರೆ "ಗಟ್ಟಿ". ಒಂದು ವರ್ಷ ಸಿಗುವಂತೆ, ಇನ್ನೊಂದು ವರ್ಷ ಸಿಗದಂತೆ ಇದ್ದರೆ "ನೋಡೋಣ". ಯಾವ ವರ್ಷವೂ ಇಲ್ಲದಿದ್ದರೆ "ಆಸೆ". ಪಟ್ಟಿಯಲ್ಲಿ ಆಸೆ ಮೇಲೆ, ನೋಡೋಣ ನಡುವೆ, ಗಟ್ಟಿ ಕೆಳಗೆ.

ಬರೆಯುತ್ತಾ ಹೋದಂತೆ ಒಂದು ವಿಚಿತ್ರ ಕಂಡಿತು. ಬಳ್ಳಾರಿಯ ಆರ್‌ವೈಎಂಇಸಿ, ಬಿಐಟಿಎಂ, ರಾಯಚೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಕಲಬುರಗಿಯ ಪಿಡಿಎ, ಇವುಗಳ ರ‍್ಯಾಂಕ್ ವರ್ಷದಿಂದ ವರ್ಷಕ್ಕೆ ಸ್ವಲ್ಪ ಆಚೀಚೆ ಅಷ್ಟೇ. ಬೆಂಗಳೂರಿನ ಕಾಲೇಜುಗಳದ್ದು ಮಾತ್ರ ಒಂದು ವರ್ಷ ಇಲ್ಲಿ, ಮರುವರ್ಷ ಎಲ್ಲೋ. ಕೆಲವು ಕಡೆ ಬರೀ ಗೆರೆ, ಅಂಕಿಯೇ ಇಲ್ಲ. ಯಾಕೆ ಅಂತ ಅವಳೇ ಲೆಕ್ಕ ಮಾಡಿದಳು. ಒಂದು ಬ್ರಾಂಚಿನಲ್ಲಿ 60 ಸೀಟು ಅಂದುಕೊಳ್ಳಿ. ಖಾಸಗಿ ಕಾಲೇಜಿನಲ್ಲಿ ಕೆಇಎ ಪಾಲು ಸಾಮಾನ್ಯವಾಗಿ ಶೇ 45, ಅಂದರೆ 27. ಅದರಲ್ಲಿ ಶೇ 8 ಅಂದರೆ ಎರಡು. ಆ ಎರಡರಲ್ಲೇ ಎಲ್ಲ ಪ್ರವರ್ಗದವರೂ ಬರಬೇಕು. 2ಎ ಪ್ರವರ್ಗಕ್ಕೆ ಒಂದು ವರ್ಷ ಒಂದು ಸೀಟು ಇರಬಹುದು, ಇನ್ನೊಂದು ವರ್ಷ ಇಲ್ಲದೆಯೂ ಇರಬಹುದು. ಒಂದೇ ಸೀಟು ಇದ್ದಾಗ ಆ ವರ್ಷ ಯಾರು ಬಂದರೋ ಅವರ ರ‍್ಯಾಂಕೇ ಕಟಾಫ್. ಅದೇ ಬಳ್ಳಾರಿಯಲ್ಲಿ 27ಕ್ಕೆ ಶೇ 70 ಅಂದರೆ 19ರ ಹತ್ತಿರ. ಅಲ್ಲಿ ಅಂಕಿ ನಿಲ್ಲುತ್ತದೆ.

"ಮಾಮಾ, ಎರಡು ಸೀಟಿಗೆ 91 ಪರ್ಸೆಂಟ್ ಅಂತ ಹೆಂಗ್ ಹೇಳ್ತಾರ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋಟೋ ತಾನೇ ಅಳಿಸಿದಳು.

ಈ ಪಟ್ಟಿಗೂ ಒಂದು ಕೊರತೆ ಇದೆ. ಅದು ಹೋದ ವರ್ಷದವರೆಗಿನ ಕಥೆ. ಈಚೆಗೆ ಕಂಪ್ಯೂಟರ್ ಸೈನ್ಸ್ ಸೀಟುಗಳು ದೊಡ್ಡ ಕಾಲೇಜುಗಳಲ್ಲಿ ಜಾಸ್ತಿ ಆಗಿವೆ. ಸೀಟು ಹೆಚ್ಚಾದರೆ ರ‍್ಯಾಂಕ್ ಸಡಿಲ ಆಗುತ್ತದೆ. ಹಾಗಾಗಿ "ಆಸೆ" ಅಂತ ಬರೆದದ್ದನ್ನು ಯಾವತ್ತೂ ಹೊಡೆದು ಹಾಕಬೇಡಿ.

ಗಣಿತದ ಮೇಷ್ಟ್ರ ಹತ್ತಿರ ಅಂಕಿ ಅಂಶ ಏನೂ ಇರಲಿಲ್ಲ. ಅವರು ಹೇಳಿದ್ದು ಬೇರೆ. "ಪಿಯುಸಿ ಮೊದಲ ಮೂರು ತಿಂಗಳು ಈಕೆ ಇಂಗ್ಲಿಷ್ ಪಾಠ ತಿಳಿಯದೆ ಹಿಂದಿನ ಬೆಂಚಿನಲ್ಲಿ ಕಣ್ಣೀರು ಹಾಕುತ್ತಿದ್ದಳು. ದಸರಾ ರಜೆ ಮುಗಿಸಿ ಬಂದ ಮೇಲೆ ಬೋರ್ಡ್ ಮುಂದೆ ನಿಂತು ಲೆಕ್ಕ ಬಿಡಿಸಿದಳು. ಎಲ್ಲಿ ಹಾಕಿದರೂ ಓದುತ್ತಾಳೆ, ಹೆದರಬೇಡಿ." ಯಾವ ಪ್ರಿಡಿಕ್ಟರಿಗೂ ಇದು ಗೊತ್ತಿರಲಿಲ್ಲ. ಅಕ್ಕ ಮಗಳನ್ನು ಬೆಂಗಳೂರಿಗೆ ಕಳಿಸಲು ಒಪ್ಪಿದ್ದು ಈ ಮಾತಿನಿಂದ.

ಅಣಕು ಹಂಚಿಕೆಯಲ್ಲಿ ಬಳ್ಳಾರಿಯ ಕಂಪ್ಯೂಟರ್ ಸೈನ್ಸ್ ಬಂತು. ಅದು ನಿಜವಾದ ಸೀಟಲ್ಲ, ಅದನ್ನು ನೋಡಿ ಎಲ್ಲರೂ ತಮ್ಮ ಪಟ್ಟಿ ಬದಲಿಸುತ್ತಾರೆ. ಆದರೆ ನಮ್ಮ ಬುಡ ಗಟ್ಟಿ ಇದೆ ಅಂತ ಗೊತ್ತಾಯಿತು. ಮೊದಲ ಸುತ್ತಿನಲ್ಲೂ ಅದೇ ಬಂತು. ಚಾಯ್ಸ್ 2 ಹಾಕಿದಳು. ಎರಡನೇ ಸುತ್ತಿನಲ್ಲಿ ಬೆಂಗಳೂರಿನ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಬಂತು. ನಮ್ಮ ಪುಸ್ತಕದಲ್ಲಿ ಅದು "ನೋಡೋಣ". ಪ್ರಿಡಿಕ್ಟರಿನಲ್ಲಿ ಅದಕ್ಕೆ ಕೆಂಪು ಬಣ್ಣವಿತ್ತು. ಸೆಂಟರಿನ 15 ಹೆಸರಿನಲ್ಲಿ ಅದು ಇರಲೇ ಇಲ್ಲ. 91 ಅಂದಿದ್ದ ಕಾಲೇಜು ಕೊನೆವರೆಗೂ ಬರಲಿಲ್ಲ. ಯುವಿಸಿಇ ಕೂಡ ಬರಲಿಲ್ಲ. ಎರಡನೇ ಸುತ್ತಿನ ಕೊನೆಯ ರ‍್ಯಾಂಕ್ ನೋಡಿದಾಗ ತಪ್ಪಿದ್ದು ಸ್ವಲ್ಪದರಲ್ಲೇ.

ಈ ವರ್ಷ ಮಾಡಿಸುವವರು ಕಾಗದ ಪತ್ರ ಮೊದಲು ಮಾಡಿಸಿ. 371ಜೆ ಪ್ರಮಾಣಪತ್ರ ಎಸಿ (ಸಹಾಯಕ ಆಯುಕ್ತರ) ಆಫೀಸಿನಿಂದ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ, ಜಾತಿ ಆದಾಯ ಪತ್ರ ಚಾಲ್ತಿಯಲ್ಲಿರಬೇಕು. ಅರ್ಜಿ ತುಂಬುವಾಗ ಕನ್ನಡ ಮಾಧ್ಯಮದ ಕಾಲಂ ನಾನು ದಾಟಿ ಹೋಗಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅವಳೇ ಕೈ ಹಿಡಿದು ನಿಲ್ಲಿಸಿದಳು.

ಉದ್ದರಿ ಪುಸ್ತಕ ಈಗ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದೆ. ಯೂರಿಯಾ ಒಯ್ಯಲು ಬಂದ ಮೂವರು ತಮ್ಮ ಮಕ್ಕಳಿಗಾಗಿ ಆ ಹಾಳೆಗಳ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ರಜೆಗೆ ಬಂದಾಗ ಅವಳು ನಾಲ್ಕನೇ ಕಾಲಂ ಗೆರೆ ಎಳೆದು, ತನ್ನ ವರ್ಷದ ರ‍್ಯಾಂಕ್‌ಗಳನ್ನು ಅದರಲ್ಲಿ ತುಂಬಿ ಹೋಗಿದ್ದಾಳೆ.